ಆಂಟಿವೈರಸ್ ಹಿಡಿದದ್ದೆಲ್ಲ ವೈರಸ್ಸಲ್ಲ, ಪರೀಕ್ಷಿಸುವುದು ಹೀಗೆ

ಮುಂಬಯಿಯ ಹೋಟೆಲುಗಳ ಗಲ್ಲೆಯಲ್ಲಿ ಇದು ಮಾಮೂಲು ಪೇಚಾಟ. ಡೊಂಬಿವಲಿಯ ಯಾರೋ ಬರೆದುಕೊಟ್ಟ ಬಿಲ್ಲಿಂಗ್ ತಂತ್ರಾಂಶ ಅಪ್‌ಡೇಟ್ ಆಗುತ್ತಲೇ ಆಂಟಿವೈರಸ್ ಅದನ್ನು ಕ್ವಾರಂಟೈನಿಗೆ, ಅಂದರೆ ಪ್ರತ್ಯೇಕ ಬಂಧನಕ್ಕೆ, ತಳ್ಳುತ್ತದೆ. ಫೋನ್ ಮಾಡಿದರೆ, "ಆಂಟಿವೈರಸ್ ಬಂದ್ ಮಾಡಿ ಹಾಕಿ ಸೇಟ್" ಎಂಬ ಉತ್ತರ. ಹಾಗೆ ಮಾಡಲೇಬೇಡಿ. ಕ್ವಾರಂಟೈನಿನಲ್ಲಿರುವ ಫೈಲು ಓಡುವುದಿಲ್ಲ. ವಿಚಾರಿಸಲು ಬೇಕಾದಷ್ಟು ಸಮಯವಿದೆ.

ಮೊದಲು ಎಚ್ಚರಿಕೆ ಕೊಟ್ಟದ್ದು ಯಾರು ನೋಡಿ. ಬ್ರೌಸರಿನೊಳಗೆ ಫೋನ್ ನಂಬರಿನ ಸಮೇತ ಬಂದದ್ದು ಮೋಸ, ಮುಚ್ಚಿಬಿಡಿ. ನಿಜವಾದದ್ದಕ್ಕೆ ವಿಂಡೋಸ್ ಸೆಕ್ಯುರಿಟಿಯ 'ಪ್ರೊಟೆಕ್ಷನ್ ಹಿಸ್ಟರಿ'ಯಲ್ಲಿ ಅಥವಾ ನಿಮ್ಮ ಆಂಟಿವೈರಸ್ಸಿನ ರಿಪೋರ್ಟಿನಲ್ಲಿ ದಾಖಲೆ ಇರುತ್ತದೆ.

ಅಲ್ಲಿಂದ ಎರಡು ಸಂಗತಿ ಬರೆದುಕೊಳ್ಳಿ: ಪತ್ತೆಯಾದ ಹೆಸರು, ಫೈಲು ಇದ್ದ ಫೋಲ್ಡರ್. ಹೆಸರಿನಲ್ಲಿ 'ಜೆನೆರಿಕ್', 'ಹ್ಯೂರ್' ಎಂದಿದ್ದರೆ, ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರಿನಲ್ಲಾದರೆ ಕೊನೆಗೆ ಆಶ್ಚರ್ಯಚಿಹ್ನೆಯ ಜೊತೆ 'ಎಂಎಲ್' ಎಂದಿದ್ದರೆ, ಅದು ಲಕ್ಷಣ ನೋಡಿ ಪಟ್ಟ ಅನುಮಾನ. ಯುಪಿಎಕ್ಸ್ ಎಂಬ ಸಾಧನದಿಂದ ಒತ್ತಿ ಗಾತ್ರ ಕುಗ್ಗಿಸಿದ ಫೈಲು, ಪೈಥಾನ್ ಭಾಷೆಯಲ್ಲಿ ಬರೆದು ಪೈಇನ್‌ಸ್ಟಾಲರಿನಿಂದ ಕಟ್ಟಿದ ಸಣ್ಣ ತಂತ್ರಾಂಶ, ಕೀಲಿಗಳನ್ನು ನಡುವೆಯೇ ಹಿಡಿದು ಕನ್ನಡ ಮೂಡಿಸುವ ಟೈಪಿಂಗ್ ತಂತ್ರಾಂಶ, ಇವೆಲ್ಲ ಇಂಥ ಅನುಮಾನಕ್ಕೆ ಸಿಗುತ್ತವೆ. 'ಎಮೋಟೆಟ್', 'ಏಜೆಂಟ್ ಟೆಸ್ಲಾ' ಎಂದು ಗೊತ್ತಿರುವ ವೈರಸ್ ಕುಲದ ಹೆಸರೇ ಬಂದರೆ ನಿಜವೆಂದೇ ಹಿಡಿಯಿರಿ. ಕಳ್ಳ ವಿಂಡೋಸನ್ನು ಅಸಲಿಯಂತೆ ನಡೆಸುವ 'ಹ್ಯಾಕ್‌ಟೂಲ್ ಆಟೋಕೆಎಂಎಸ್' ಸುಳ್ಳು ಪತ್ತೆಯಲ್ಲ. ಅಗ್ಗಕ್ಕೆ ಕಳ್ಳ ವಿಂಡೋಸ್ ಹಾಕಿಕೊಡುವವರು ಅದನ್ನು ಹಿಡಿಯದಂತೆ ಆಂಟಿವೈರಸ್ಸಿನಲ್ಲಿ ವಿನಾಯಿತಿ ಸೇರಿಸಿ ಹೋಗಿರುತ್ತಾರೆ. ಆ ತೆರೆದ ಬಾಗಿಲಿನಿಂದ ಬೇರೆಯದೂ ಒಳಬರಬಹುದು.

ಫೋಲ್ಡರಿನ ವಿಷಯ ಸುಲಭ. ವಿಂಡೋಸಿನದೇ ಭಾಗವಾದ 'ಎಸ್‌ವಿಸಿಹೋಸ್ಟ್' ಫೈಲು ಸಿಸ್ಟಮ್32 ಫೋಲ್ಡರಿನಲ್ಲಿದ್ದರೆ ಸರಿ, ಟೆಂಪ್ ಫೋಲ್ಡರಿನಲ್ಲಿದ್ದರೆ ವೇಷ. ಬಿಲ್ಲಿನ ಪಿಡಿಎಫ್ ಎಂದು ಬಂದದ್ದರ ಹೆಸರಿನ ಕೊನೆಗೆ ಇಎಕ್ಸ್‌ಇ (ಓಡುವ ತಂತ್ರಾಂಶದ ಗುರುತು) ಇದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ, ಅಳಿಸಿ.

ಜನ ಎಡವುವುದು ವೈರಸ್‌ಟೋಟಲ್ ಬಳಿ. ಎಪ್ಪತ್ತರ ಆಸುಪಾಸು ಆಂಟಿವೈರಸ್ ಎಂಜಿನ್‌ಗಳಿಂದ ಫೈಲನ್ನು ತಪಾಸಿಸುವ ಈ ತಾಣ 2012ರಿಂದ ಗೂಗಲ್ ಕೈಯಲ್ಲಿದೆ. ಅಲ್ಲಿ ಏರಿಸಿದ ಫೈಲು ಭದ್ರತಾ ಕಂಪನಿಗಳಿಗೂ ಹಂಚಿಕೆಯಾಗುತ್ತದೆ. ಹಾಗಾಗಿ ಗಿರಾಕಿಗಳ ಲೆಕ್ಕಪತ್ರ, ಆಧಾರ್ ಪ್ರತಿಗಳನ್ನು ಏರಿಸಬೇಡಿ. ಫೈಲಿನ ಎಸ್‌ಎಚ್‌ಎ-256 ಗುರುತು, ಅಂದರೆ 64 ಅಕ್ಷರಗಳ ಸಾಲು, ಹುಡುಕುಪಟ್ಟಿಯಲ್ಲಿ ಹಾಕಿದರೆ ಸಾಕು. ಅದು ಆಂಟಿವೈರಸ್ಸಿನ ರಿಪೋರ್ಟಿನಲ್ಲಿ ಸಿಗದಿದ್ದರೆ ತಂತ್ರಾಂಶ ಬರೆದವರನ್ನೇ ಕೇಳಿ, ಇಲ್ಲವೇ ಡೌನ್‌ಲೋಡ್ ಮಾಡಿದ ಕೊಂಡಿಯನ್ನು ಯುಆರ್‌ಎಲ್ ವಿಭಾಗದಲ್ಲಿ ಹಾಕಿ.

ಇನ್ನು ಫಲಿತಾಂಶ. "70ರಲ್ಲಿ ಮೂರೇ ಕೆಂಪು, ಅಂದ ಮೇಲೆ ಸುರಕ್ಷಿತ" ಎಂಬ ಲೆಕ್ಕ ತಪ್ಪು. ಡೀಟೇಲ್ಸ್‌ನಲ್ಲಿ ಫೈಲು ಮೊದಲು ಸಲ್ಲಿಕೆಯಾದ ದಿನಾಂಕ ನೋಡಿ. ಎರಡು ವರ್ಷ ಹಳೆಯ ಫೈಲಿಗೆ ಮೂರೇ ಕೆಂಪು, ಅದೂ ಜೆನೆರಿಕ್ ಹೆಸರಿನಲ್ಲಿ ಎಂದರೆ ಬಹುಮಟ್ಟಿಗೆ ಸುಳ್ಳು ಪತ್ತೆ. ಇವತ್ತೇ ಹುಟ್ಟಿದ ಫೈಲಿಗೆ ಅದೇ ಮೂರು ಎಂದರೆ ಉಳಿದವರಿಗೆ ಇನ್ನೂ ಗೊತ್ತಾಗಿಲ್ಲದಿರಬಹುದು. ಎರಡು ದಿನ ಬಿಟ್ಟು 'ರೀಅನಲೈಜ್' ಒತ್ತಿ. ಆಗ ಸಂಖ್ಯೆ ಇಪ್ಪತ್ತಕ್ಕೆ ಏರಿದ್ದರೆ ನಿಜ. ಐದಾರು ಸಾಲಿನಲ್ಲಿ ಅಕ್ಷರಶಃ ಒಂದೇ ಹೆಸರಿದ್ದರೆ ಒಂದೇ ಮತವೆಂದು ಎಣಿಸಿ: ಬಿಟ್‌ಡಿಫೆಂಡರಿನ ಎಂಜಿನನ್ನು ಹಲವು ಕಂಪನಿಗಳು ಬಳಸುತ್ತವೆ.

ಫೈಲಿಗೆ ತಯಾರಕರ ಡಿಜಿಟಲ್ ಸಹಿ ಇದ್ದರೆ ಒಳ್ಳೆಯದು, ಅದೊಂದನ್ನೇ ನಂಬಬೇಡಿ. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಚಿಪ್ ಕಂಪನಿ ರಿಯಲ್‌ಟೆಕ್‌ನ ಪ್ರಮಾಣಪತ್ರದ ಸಹಿ ಹೊತ್ತೇ ಬಂದಿತ್ತು. ದೊಡ್ಡ ಆಂಟಿವೈರಸ್ಸೂ ತಪ್ಪುತ್ತದೆ: ಅದೇ ವರ್ಷದ ಏಪ್ರಿಲ್‌ನಲ್ಲಿ ಮೆಕಾಫಿಯ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಅಸಲಿ ಎಸ್‌ವಿಸಿಹೋಸ್ಟನ್ನೇ ವೈರಸ್ಸೆಂದು ಹಿಡಿದು, ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿದವು.

ಸುಳ್ಳು ಪತ್ತೆಯೆಂದು ಖಾತ್ರಿಯಾದರೆ ಆ ಒಂದು ಫೈಲಿಗೆ ಮಾತ್ರ ವಿನಾಯಿತಿ ಕೊಡಿ. ಫೋಲ್ಡರಿಗಲ್ಲ, ಸಿ ಡ್ರೈವಿಗಂತೂ ಅಲ್ಲವೇ ಅಲ್ಲ. ಆಂಟಿವೈರಸ್ ಕಂಪನಿಯ ಫಾಲ್ಸ್ ಪಾಸಿಟಿವ್ ಪುಟದಲ್ಲಿ ದೂರು ಹಾಕಿ, ಅವರು ತಿದ್ದಿದ ಮೇಲೆ ವಿನಾಯಿತಿ ತೆಗೆಯಿರಿ.

ನಿಜವಾದರೆ, ಅಥವಾ ಅಳಿಸಿದ ಮೇಲೂ ಪ್ರತಿ ರೀಸ್ಟಾರ್ಟಿಗೆ ಅದೇ ಎಚ್ಚರಿಕೆ ಮರಳಿದರೆ, ಆಂಟಿವೈರಸ್ ತಾನಾಗಿ ಬಂದ್ ಆಗಿದ್ದರೆ, ನೆಟ್ ಕಿತ್ತುಹಾಕಿ. ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಸುಮಾರು 15 ನಿಮಿಷ ಸಾಕು. ಪಾಸ್‌ವರ್ಡ್ ಬದಲಿಸುವುದು ಬೇರೆ ಮೊಬೈಲಿನಿಂದ, ಆ ಕಂಪ್ಯೂಟರಿನಿಂದಲ್ಲ. ಖಾತೆಯಿಂದ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.