ಗೇರ್ ಬದಲಾಗದ ಲೋಡರ್: ಸ್ಪೀಡ್ ಸೆನ್ಸರ್ ದೋಷವನ್ನು ಪತ್ತೆ ಹಚ್ಚುವ ಬಗೆ

ಸಂಡೂರಿನ ಅದಿರು ಗಣಿಯಲ್ಲಾಗಲಿ, ಹೆದ್ದಾರಿ ಕಾಮಗಾರಿಯಲ್ಲಾಗಲಿ, ಜಲ್ಲಿ ಕ್ರಷರ್‌ನಲ್ಲಾಗಲಿ ಇಂದು ದುಡಿಯುತ್ತಿರುವ ಅನೇಕ ವ್ಹೀಲ್ ಲೋಡರ್ ಮತ್ತು ಮೋಟಾರ್ ಗ್ರೇಡರ್‌ಗಳಲ್ಲಿ ಯಾವ ಗೇರ್ ಯಾವಾಗ ಬೀಳಬೇಕೆಂಬುದನ್ನು ಎಲೆಕ್ಟ್ರಾನಿಕ್ ಕಂಟ್ರೋಲರ್ ನಿರ್ಧರಿಸುತ್ತದೆ. ಅದಕ್ಕಾಗಿ ಗೇರ್ ಬಾಕ್ಸಿನೊಳಗಿನ ಶಾಫ್ಟ್‌ಗಳು ಎಷ್ಟು ವೇಗದಲ್ಲಿ ತಿರುಗುತ್ತಿವೆ ಎಂಬ ಮಾಹಿತಿ ಅದಕ್ಕೆ ಎಡೆಬಿಡದೆ ತಲುಪುತ್ತಿರಬೇಕು. ಶಾಫ್ಟಿನ ಜೊತೆ ತಿರುಗುವ ಹಲ್ಲುಚಕ್ರದ ಹಲ್ಲುಗಳು ಎದುರಿನಿಂದ ಹಾದುಹೋಗುವುದನ್ನು ಗ್ರಹಿಸಿ ಈ ಮಾಹಿತಿ ಕೊಡುವುದೇ ಸ್ಪೀಡ್ ಸೆನ್ಸರ್. ಈ ಮಾಹಿತಿ ನಿಂತರೆ ಅಥವಾ ಏರುಪೇರಾದರೆ, ಕ್ಲಚ್‌ಗಳು ಸುಡದಂತೆ ಕಾಪಾಡುವ ಸಲುವಾಗಿ ಕಂಟ್ರೋಲರ್ ಯಂತ್ರವನ್ನು ಒಂದೇ ಗೇರಿನಲ್ಲಿ ಕಟ್ಟಿಹಾಕುತ್ತದೆ, ಇಲ್ಲವೇ ನ್ಯೂಟ್ರಲ್‌ಗೆ ತರುತ್ತದೆ. ಸ್ಪೀಡೋಮೀಟರ್ ಸೊನ್ನೆಯಲ್ಲಿ ನಿಲ್ಲುವುದು, ಗೇರ್ ಬೀಳುವಾಗ ಯಂತ್ರ ಜೋರಾಗಿ ಜಗ್ಗುವುದು, ಮೇಲಿನ ಗೇರಿಗೆ ಏರದಿರುವುದು ಇದರ ಸಾಮಾನ್ಯ ಲಕ್ಷಣಗಳು.

ಡಿಸ್‌ಪ್ಲೇಯಲ್ಲಿ ದೋಷದ ಕೋಡ್ ಜೊತೆ ಸೆನ್ಸರ್ ಹೆಸರು ಕಂಡೊಡನೆ ಹೊಸ ಸೆನ್ಸರ್ ತರಿಸುವ ರೂಢಿ ನಮ್ಮ ಸೈಟುಗಳಲ್ಲಿ ಬಲವಾಗಿದೆ. ಆದರೆ ಆ ಕೋಡ್ ಹೇಳುವುದು ಸೆನ್ಸರ್ ಕೆಟ್ಟಿದೆ ಎಂದಲ್ಲ, ಆ ಸರ್ಕ್ಯೂಟಿನಿಂದ ಬರಬೇಕಾದ ಸಿಗ್ನಲ್ ಸರಿಯಾಗಿ ಬರುತ್ತಿಲ್ಲ ಎಂದು ಮಾತ್ರ. ವೈರು, ಕನೆಕ್ಟರ್, ಸೆನ್ಸರ್ ತುದಿಗೂ ಹಲ್ಲುಚಕ್ರಕ್ಕೂ ನಡುವಿನ ಅಂತರ, ಕೊನೆಗೆ ಆ ಚಕ್ರದ ಹಲ್ಲು, ಎಲ್ಲವೂ ಆ ಸರ್ಕ್ಯೂಟಿನ ಭಾಗವೇ. ಆದ್ದರಿಂದ ಬಿಡಿಭಾಗಕ್ಕೆ ಆರ್ಡರ್ ಕೊಡುವುದು ಪರೀಕ್ಷೆಯ ಕೊನೆಗೆ ಬರಬೇಕಾದ ಕೆಲಸ.

ಮೊದಲು ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಬಕೆಟ್ಟನ್ನು ನೆಲಕ್ಕಿಳಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಟೈರುಗಳಿಗೆ ಕಟ್ಟೆ ಕೊಡಬೇಕು. ನಡುವೆ ಮಡಚುವ ಲೋಡರ್ ಆದರೆ ಅದರ ಲಾಕ್ ಸರಳನ್ನು ಕಡ್ಡಾಯವಾಗಿ ಸಿಕ್ಕಿಸಬೇಕು. ಸ್ಟೀರಿಂಗ್ ಅಲುಗಿದರೆ ಮಧ್ಯದಲ್ಲಿ ನಿಂತವರಿಗೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ.

ಬಳಿಕ ಆಪರೇಟರ್ ಜೊತೆ ಮಾತನಾಡಿ. ದೋಷ ಕಾಣಿಸುವುದು ಯಂತ್ರ ಬಿಸಿಯಾದ ಮೇಲೋ, ಗುಂಡಿಯಲ್ಲಿ ಕುಲುಕಿದಾಗಲೋ, ಒಂದೇ ಕಡೆ ತಿರುಗಿಸುವಾಗಲೋ, ನೀರು ಹೊಡೆದು ತೊಳೆದ ಮರುದಿನವೋ ಎಂಬುದು ತಿಳಿದರೆ ಹುಡುಕಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ತಿರುಗಿಸುವಾಗ ಮಾತ್ರ ಬರುವ ದೋಷವು ಮಡಚುವ ಕೀಲಿನ ಬಳಿ ಉಜ್ಜಿ ಸವೆದ ವೈರನ್ನು ತೋರಿಸುತ್ತದೆ. ಬಿಸಿಯಾದಾಗ ಮಾತ್ರ ಬರುವ ದೋಷವು ಸೆನ್ಸರ್ ಸುರುಳಿಯೊಳಗೇ ಕೂದಲೆಳೆಯಷ್ಟು ಬಿರುಕಿರುವುದನ್ನು ಸೂಚಿಸಬಹುದು.

ಇನ್ನು ಕೋಡ್‌ಗಳು. ಅಳಿಸುವ ಮುನ್ನ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಈಗ ಸಕ್ರಿಯವಾಗಿರುವುದು ಯಾವುದು, ಹಿಂದೆ ದಾಖಲಾಗಿದ್ದು ಯಾವುದು ಎಂಬುದನ್ನು ಬೇರ್ಪಡಿಸಿ. ಎಸ್‌ಎಇ ಜೆ1939 ಮಾನದಂಡವನ್ನು (ಯಂತ್ರದ ಕಂಟ್ರೋಲರ್‌ಗಳು ಪರಸ್ಪರ ಮಾಹಿತಿ ಹಂಚಿಕೊಳ್ಳುವ ನಿಯಮ) ಅನುಸರಿಸುವ ಯಂತ್ರಗಳಲ್ಲಿ, ದೋಷ ಯಾವ ಅಳತೆಯದು ಎಂದು ಹೇಳುವ ಅಂಕಿಯಾದ ಎಸ್‌ಪಿಎನ್ 191 ಎಂದರೆ ಗೇರ್ ಬಾಕ್ಸಿನ ಔಟ್‌ಪುಟ್ ಶಾಫ್ಟಿನ ವೇಗ, 161 ಎಂದರೆ ಇನ್‌ಪುಟ್ ಶಾಫ್ಟಿನ ವೇಗ. ಅದರ ಪಕ್ಕದ ಎಫ್‌ಎಂಐ ಅಂಕಿಯನ್ನು, ಅಂದರೆ ದೋಷದ ಬಗೆಯನ್ನು ಹೇಳುವ ಅಂಕಿಯನ್ನು, ಬಹಳ ಮಂದಿ ಓದುವುದೇ ಇಲ್ಲ, ನಿಜವಾದ ಸುಳಿವು ಇರುವುದು ಅಲ್ಲಿಯೇ. 3 ಬಂದರೆ ವೋಲ್ಟೇಜ್ ಇರಬೇಕಾದುದಕ್ಕಿಂತ ಹೆಚ್ಚು, 4 ಬಂದರೆ ಕಡಿಮೆ. 5 ಬಂದರೆ ಸರ್ಕ್ಯೂಟ್ ಎಲ್ಲೋ ತುಂಡಾಗಿರುವ ಸಾಧ್ಯತೆ, 6 ಬಂದರೆ ವೈರು ಯಂತ್ರದ ಲೋಹದ ಮೈಗೆ ತಾಗಿರುವ ಸಾಧ್ಯತೆ. 2 ಮತ್ತು 8 ಬಂದಾಗ ಸಿಗ್ನಲ್ ಇದೆ, ಆದರೆ ನಂಬುವಂತಿಲ್ಲ ಎಂದರ್ಥ. ಅಂಥ ಸಂದರ್ಭದಲ್ಲಿ ಅಂತರ, ಹಲ್ಲು ಮತ್ತು ಸಡಿಲ ಪಿನ್‌ಗಳತ್ತ ಗಮನ ಹರಿಸಬೇಕು.

ಮೀಟರ್ ಕೈಗೆತ್ತಿಕೊಳ್ಳುವ ಮುನ್ನ ಕಣ್ಣಿನಿಂದ ನೋಡಿ. ಬ್ಯಾಟರಿ ಸ್ವಿಚ್ ಆಫ್ ಮಾಡಿ ಕನೆಕ್ಟರ್ ಬಿಚ್ಚಿದಾಗ ಒಳಗೆ ಕೆಂಧೂಳು, ಹಸಿರು ಕಿಲುಬು, ಎಣ್ಣೆ, ಹಿಂದೆ ಸರಿದ ಪಿನ್, ಹರಿದ ರಬ್ಬರ್ ಸೀಲ್ ಇವುಗಳಲ್ಲಿ ಯಾವುದು ಸಿಕ್ಕರೂ ಆಶ್ಚರ್ಯವಿಲ್ಲ. ರಾತ್ರಿ ಬಯಲಲ್ಲಿ ನಿಲ್ಲುವ ಯಂತ್ರಗಳಲ್ಲಿ ಇಲಿ ಕಡಿದ ವೈರುಗಳೂ ಅಪರೂಪವಲ್ಲ.

ಈಗ ಸೆನ್ಸರ್ ಯಾವ ಬಗೆಯದು ಎಂಬುದನ್ನು ಸರ್ವಿಸ್ ಮ್ಯಾನುಯಲ್ ನೋಡಿ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಪರೀಕ್ಷೆಯ ವಿಧಾನ ಅದರ ಮೇಲೆ ನಿಂತಿದೆ. ಅಯಸ್ಕಾಂತ ಮತ್ತು ತಾಮ್ರದ ಸುರುಳಿಯಿರುವ ಮ್ಯಾಗ್ನೆಟಿಕ್ ಪಿಕಪ್ ಸೈಕಲ್ ಡೈನಮೋ ಹಾಗೆ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸುತ್ತದೆ. ಅದಕ್ಕೆ ಹೊರಗಿನ ಸಪ್ಲೈ ಬೇಕಿಲ್ಲ, ಸಾಮಾನ್ಯವಾಗಿ ಇರುವುದು ಎರಡೇ ವೈರು. ಹಾಲ್ ಸೆನ್ಸರ್‌ಗೆ (ಅಯಸ್ಕಾಂತ ಕ್ಷೇತ್ರದ ಬದಲಾವಣೆಯನ್ನು ಗ್ರಹಿಸುವ ಎಲೆಕ್ಟ್ರಾನಿಕ್ ಸೆನ್ಸರ್) ಕಂಟ್ರೋಲರ್‌ನಿಂದ ಸಪ್ಲೈ ಬೇಕು; ಸಾಮಾನ್ಯವಾಗಿ ಮೂರು ವೈರುಗಳಿರುತ್ತವೆ, ಎರಡೇ ವೈರಿನವೂ ಇವೆ. ಹಾಗಾಗಿ ವೈರು ಎಣಿಸಿ ತೀರ್ಮಾನಕ್ಕೆ ಬರಬಾರದು.

ಮ್ಯಾಗ್ನೆಟಿಕ್ ಪಿಕಪ್ ಆದರೆ ಕನೆಕ್ಟರ್ ಬಿಚ್ಚಿ ಎರಡು ಪಿನ್‌ಗಳ ನಡುವಿನ ಓಮ್ ಅಳೆದು ಮ್ಯಾನುಯಲ್ ಕೊಟ್ಟ ಮಿತಿಯೊಂದಿಗೆ ಹೋಲಿಸಿ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ 0.4ರಷ್ಟು ಏರುವುದರಿಂದ, 20 ಡಿಗ್ರಿಯಲ್ಲಿ 1000 ಓಮ್ ತೋರಿಸುವ ಸುರುಳಿ 80 ಡಿಗ್ರಿಯಲ್ಲಿ 1240 ಓಮ್‌ನ ಆಸುಪಾಸಿಗೆ ಬರುತ್ತದೆ. ಬಿಸಿ ಗೇರ್ ಬಾಕ್ಸಿನ ಮೇಲೆ ಅಳೆದು ಒಳ್ಳೆಯ ಸೆನ್ಸರನ್ನು ಎಸೆಯಬೇಡಿ. ಪ್ರತಿ ಪಿನ್‌ಗೂ ಸೆನ್ಸರಿನ ಲೋಹದ ಹೊರಮೈಗೂ ನಡುವೆ ಸಂಪರ್ಕ ಇರಲೇಬಾರದು. ಹಾಲ್ ಸೆನ್ಸರ್‌ಗೆ ಈ ಓಮ್ ಪರೀಕ್ಷೆ ಅನ್ವಯಿಸುವುದಿಲ್ಲ. ಅಲ್ಲಿ ಇಗ್ನಿಷನ್ ಆನ್ ಮಾಡಿ, ಕನೆಕ್ಟರಿನ ಹಾರ್ನೆಸ್ (ವೈರುಗಳ ಕಟ್ಟು) ಬದಿಯಲ್ಲಿ ಸಪ್ಲೈ ಬರುತ್ತಿದೆಯೇ, ಅರ್ಥ್ ವೈರು ಗಟ್ಟಿಯಾಗಿದೆಯೇ ಎಂದು ನೋಡಿ, ಬಳಿಕ ಶಾಫ್ಟ್ ತಿರುಗುವಾಗ ಸಿಗ್ನಲ್ ಮೇಲೆ ಕೆಳಗೆ ಜಿಗಿಯುತ್ತಿದೆಯೇ ಎಂದು ಪರೀಕ್ಷಿಸಬೇಕು.

ಸಿಗ್ನಲ್ಲಿನ ಫ್ರೀಕ್ವೆನ್ಸಿಯನ್ನು ಲೆಕ್ಕದಿಂದಲೂ ತಾಳೆ ನೋಡಬಹುದು. ಶಾಫ್ಟಿನ ಆರ್‌ಪಿಎಂ ಅನ್ನು ಹಲ್ಲುಗಳ ಸಂಖ್ಯೆಯಿಂದ ಗುಣಿಸಿ 60ರಿಂದ ಭಾಗಿಸಿದರೆ ಹರ್ಟ್ಸ್ ಸಿಗುತ್ತದೆ: 40 ಹಲ್ಲಿನ ಚಕ್ರ 1500 ಆರ್‌ಪಿಎಂನಲ್ಲಿ ತಿರುಗಿದರೆ 1000 ಹರ್ಟ್ಸ್. ಓಡುವ ಯಂತ್ರದ ಕೆಳಗೆ ಮೀಟರ್ ಹಿಡಿದು ಯಾರೂ ಹೋಗಬಾರದು. ವೈರನ್ನು ಕ್ಯಾಬಿನ್‌ವರೆಗೆ ಎಳೆದು ತನ್ನಿ, ಇಲ್ಲವೇ ಡಯಾಗ್ನೊಸ್ಟಿಕ್ ಟೂಲ್‌ನಲ್ಲಿ ಲೈವ್ ಡೇಟಾ ನೋಡಿ.

ಸೆನ್ಸರ್ ಸರಿಯಿದ್ದರೆ ಹಾರ್ನೆಸ್ ಸರದಿ. ಎರಡೂ ತುದಿ ಬಿಚ್ಚಿ, ಒಂದೊಂದೇ ವೈರಿನ ಉದ್ದಕ್ಕೂ ಸಂಪರ್ಕವಿದೆಯೇ, ಒಂದಕ್ಕೊಂದು ಅಥವಾ ಚಾಸಿಗೆ ತಾಗಿದೆಯೇ ಎಂದು ಅಳೆಯಿರಿ. ಅಳೆಯುತ್ತಿರುವಾಗಲೇ ಮತ್ತೊಬ್ಬರು ಹಾರ್ನೆಸ್ಸನ್ನು ಗೇಣು ಗೇಣಾಗಿ ಅಲುಗಿಸುತ್ತಾ ಬರಲಿ. ಬಂದು ಹೋಗುವ ದೋಷ ಸಿಕ್ಕಿಬೀಳುವುದು ಹೀಗೆಯೇ. ಮೀಟರಿನ ಸೂಜಿಯನ್ನು ವೈರಿನ ಮೇಲ್ಪದರಕ್ಕೆ ಚುಚ್ಚಬೇಡಿ, ಮುಂದಿನ ಮಳೆಗಾಲದಲ್ಲಿ ಅದೇ ತೂತಿನಿಂದ ಕಿಲುಬು ಶುರುವಾಗುತ್ತದೆ.

ಇಷ್ಟಾದರೂ ಉತ್ತರ ಸಿಗದಿದ್ದರೆ, ಸುತ್ತಲಿನ ಮಣ್ಣನ್ನು ಚೆನ್ನಾಗಿ ಒರೆಸಿ ಸೆನ್ಸರನ್ನು ಹೊರತೆಗೆಯಿರಿ. ತುದಿಯಲ್ಲಿ ತೆಳುವಾದ ಬೂದು ಪುಡಿ ಅಂಟಿದ್ದರೆ ಒರೆಸಿದರೆ ಸಾಕು. ಚೂರುಗಳು ಅಂಟಿದ್ದರೆ ಗೇರ್ ಬಾಕ್ಸಿನೊಳಗೆ ಬೇರೆಯದೇ ಆಪತ್ತು ನಡೆದಿದೆ. ಸೆನ್ಸರ್ ವಿಚಾರ ಬಿಟ್ಟು ಎಣ್ಣೆ ಮತ್ತು ಫಿಲ್ಟರ್ ನೋಡಬೇಕು. ತಿರುಚಿ ಕೂರಿಸುವ ಸೆನ್ಸರ್ ಆದರೆ, ಚಕ್ರದ ಹಲ್ಲಿನ ನೆತ್ತಿ ರಂಧ್ರದ ನೇರಕ್ಕೆ ಬಂದಿದೆ ಎಂದು ನೋಡಿಕೊಂಡು, ಕೈಯಿಂದ ಮೆಲ್ಲಗೆ ತಾಗುವವರೆಗೆ ತಿರುಗಿಸಿ, ಮ್ಯಾನುಯಲ್ ಹೇಳಿದಷ್ಟು ಹಿಂದಕ್ಕೆ ಬಿಡಬೇಕು. ತಿರುಪಿನ ಒಂದು ಮರೆಯಿಂದ ಮುಂದಿನ ಮರೆಗೆ ಅಂತರ 1.5 ಮಿ.ಮೀ. ಆಗಿದ್ದರೆ ಅರ್ಧ ಸುತ್ತಿಗೆ 0.75 ಮಿ.ಮೀ. ಸಿಗುತ್ತದೆ. ಹಲ್ಲುಗಳ ನಡುವಿನ ತಗ್ಗಿನಲ್ಲಿ ಅಳತೆ ಹಿಡಿದು ಕೂರಿಸಿದರೆ, ಶಾಫ್ಟ್ ತಿರುಗಿದ ಕೂಡಲೇ ಹಲ್ಲು ಸೆನ್ಸರಿನ ತುದಿಯನ್ನು ಒಡೆಯುತ್ತದೆ.

ಒಂದು ಎಚ್ಚರಿಕೆ: ಇನ್‌ಪುಟ್ ಮತ್ತು ಔಟ್‌ಪುಟ್ ವೇಗಗಳ ಅನುಪಾತ ತಪ್ಪಿದೆ ಎಂಬ ಕೋಡ್ ಬಂದಾಗ ತಪ್ಪು ಕ್ಲಚ್ಚಿನದೂ ಆಗಿರಬಹುದು. ಗೇರ್ ಬದಲಾಗದೆ ಭಾರ ಎಳೆಯುವಾಗ ಅನುಪಾತವು ನಿಧಾನವಾಗಿ ಜಾರುತ್ತಾ ಹೋದರೆ ಕ್ಲಚ್ ಜಾರುತ್ತಿದೆ; ಅಂಕಿ ಥಟ್ಟನೆ ಸೊನ್ನೆಗೆ ಬಿದ್ದು ಮರುಕ್ಷಣ ಮೇಲೆದ್ದರೆ ದೋಷ ವಿದ್ಯುತ್ತಿನದು, ಏಕೆಂದರೆ ಇಪ್ಪತ್ತು ಟನ್ನಿನ ಯಂತ್ರ ಹಾಗೆ ನಿಂತು ಹೊರಡಲಾರದು.

ರಿಪೇರಿ ಮಾಡುವಾಗ ಹೆಣೆದ ಜೋಡಿ ವೈರಿನ ಜಾಗಕ್ಕೆ ಅದೇ ರೀತಿ ಹೆಣೆದ ವೈರನ್ನೇ ಹಾಕಿ. ನೇರ ವೈರು ಆಲ್ಟರ್ನೇಟರ್ ಮತ್ತು ಸೊಲೆನಾಯ್ಡ್‌ಗಳ ಗದ್ದಲವನ್ನು ಹೀರಿಕೊಂಡು ಸುಳ್ಳು ವೇಗ ತೋರಿಸುತ್ತದೆ. ಬಳಿಕ ಕೋಡ್ ಅಳಿಸಿ, ದೋಷ ಮೊದಲು ಕಂಡ ಸ್ಥಿತಿಯಲ್ಲೇ, ಅಂದರೆ ಬಿಸಿಯಾದಾಗ ಬರುತ್ತಿದ್ದರೆ ಬಿಸಿ ಮಾಡಿಯೇ, ಎಲ್ಲ ಗೇರುಗಳಲ್ಲೂ ಓಡಿಸಿ ನೋಡಿ. ಮತ್ತೆ ಅದೇ ಕೋಡ್ ಬಂದರೆ ಮಾತ್ರ ಕಂಟ್ರೋಲರ್ ಮೇಲೆ ಅನುಮಾನ ಪಡಬೇಕು. ಆಗಲೂ ಮೊದಲು ಅದರ ಸಪ್ಲೈ ಮತ್ತು ಅರ್ಥ್ ಪಿನ್‌ಗಳನ್ನು ಅಳೆದು ನೋಡಬೇಕು.