ಸೀರೆ ಫಾಲ್‌ನಲ್ಲಿ ಅರಳಿದ ಬೇಲಿ ಹೂ

ಮಗಳಿಗೆ ದಿನಾ ಹೂ ಬೇಕು. ಮಲ್ಲಿಗೆ ಮುಡಿಸಿ ಕಳಿಸಿದರೆ ಸಂಜೆ ಬರೀ ದಾರ ವಾಪಸ್ ಬರುತ್ತದೆ. ಅದಕ್ಕೇ ಬಟ್ಟೆಯಲ್ಲಿ ಹೂ ಮಾಡಿ ತಲೆಗೂದಲಿನ ಕ್ಲಿಪ್ಪಿಗೆ ಹೊಲಿದೆ. ಯಾವ ಹೂ ಅಂತ ಮಾತ್ರ ಕೇಳಬೇಡಿ. ನಿತ್ಯಪುಷ್ಪದ ಹಾಗೆ ಐದು ಎಸಳು, ತುಂಬೆಯ ಬಿಳುಪು, ನಡುವೆ ಅರಿಶಿನದ ಬಣ್ಣ. ಬೇಲಿ ಬದಿಯಲ್ಲಿ ರಾಶಿ ಬಿದ್ದಿರುವಂಥ ಹೂ ಇದು. ಆ ಬೇಲಿ ಇರುವುದು ನಮ್ಮಿಬ್ಬರ ತಲೆಯಲ್ಲಿ, ಅಷ್ಟೆ.

ಬಟ್ಟೆಗೆ ಸೀರೆ ಫಾಲ್ ಸಾಕು. ಮ್ಯಾಚಿಂಗ್ ಸೆಂಟರ್‌ನಲ್ಲಿ ಕಾಟನ್‌ದೇ ಕೇಳಿ. ಫಾಲ್ ಹಚ್ಚುವ ಮುಂಚೆ ಮಾಡುವ ಹಾಗೆ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಹೂ ಮುದುಡುತ್ತದೆ.

ಸುಮಾರು 6 ಸೆಂ.ಮೀ. ಅಗಲದ ಡಬ್ಬಿ ಮುಚ್ಚಳ ಇಟ್ಟು ಪೆನ್ಸಿಲ್‌ನಿಂದ ಐದು ವೃತ್ತ ಗೀಚಿ, ಕತ್ತರಿಸಿ. ಒಂದನ್ನು ಅರ್ಧಕ್ಕೆ ಮಡಚಿ. ಸೂಜಿಗೆ ಎರಡೆಳೆ ದಾರ ಹಾಕಿ, ಗುಂಡಗಿರುವ ಅಂಚಿನಲ್ಲಿ ಉದ್ದುದ್ದ ಹೊಲಿಗೆ ಹಾಕಿಕೊಂಡು ಹೋಗಿ. ದಾರ ಎಳೆದರೆ ಬಟ್ಟೆ ನೆರಿಗೆಗಟ್ಟಿ ಎಸಳಾಗುತ್ತದೆ. ದಾರ ಕತ್ತರಿಸಬೇಡಿ, ಅದೇ ದಾರಕ್ಕೆ ಮುಂದಿನ ಎಸಳು. ಐದೂ ಆದ ಮೇಲೆ ಬಿಗಿಯಾಗಿ ಎಳೆದು, ಕೊನೆಯದನ್ನು ಮೊದಲನೆಯದಕ್ಕೆ ಸೇರಿಸಿ ಗಂಟು ಹಾಕಿ. ಮಡಚಿದ ಅಂಚು ಹೊರಗೆ, ಕತ್ತರಿಸಿದ ಅಂಚು ನಡುವೆ. ಹಾಗಾಗಿ ಎಳೆ ಬಿಡುವ ಭಯವಿಲ್ಲ. ಎಸಳು ಒಂದಕ್ಕೊಂದು ಸಮ ಬರದಿದ್ದರೆ ಬಿಚ್ಚಬೇಡಿ. ಬೇಲಿ ಹೂ ಯಾವತ್ತು ಅಳತೆಯಲ್ಲಿ ಅರಳಿದೆ?

ನಡುವಿನ ಹಳದಿಯಲ್ಲಿ ನಾನು ಜಾಣತನ ತೋರಿಸಲು ಹೋಗಿ ಕೆಟ್ಟೆ. ಸಣ್ಣ ರವೆಗೆ ಅರಿಶಿನ ಬೆರೆಸಿ, ಫೆವಿಕಾಲ್ ಹಚ್ಚಿದ ದಾರದ ತುದಿಗೆ ಅಂಟಿಸಿದೆ. ನೋಡಲು ಥೇಟ್ ಪರಾಗವೇ! ಮೂರನೇ ದಿನ ಕ್ಲಿಪ್ಪಿನ ಡಬ್ಬಿ ತುಂಬ ಇರುವೆ. ಈಗ ಹಳದಿ ಕಸೂತಿ ದಾರದಲ್ಲಿ ಏಳೆಂಟು ಗಂಟು ಹಾಕುತ್ತೇನೆ. ನಡುವಿನ ತೂತೂ ಮುಚ್ಚುತ್ತದೆ.

ಹಿಂದುಗಡೆ ಹಳೇ ಜೀನ್ಸಿನ ಐದು ರೂಪಾಯಿ ನಾಣ್ಯದಷ್ಟು ಚೂರು ಹೊಲಿಯಿರಿ. ಅದಕ್ಕೆ ಟಿಕ್‌ಟ್ಯಾಕ್ ಕ್ಲಿಪ್ಪಿನ ಮೇಲ್ಭಾಗವನ್ನು ಮಾತ್ರ ದಾರ ಸುತ್ತಿ ಬಿಗಿಯಿರಿ. ಕೆಳಗಿನ ಪಟ್ಟಿಯನ್ನೂ ಸೇರಿಸಿ ಹೊಲಿದರೆ ಕ್ಲಿಪ್ ತೆರೆಯುವುದೇ ಇಲ್ಲ. ನನ್ನ ಮೊದಲ ಹೂ ಹಾಗಾಗಿಯೇ ಈಗ ಕಿಟಕಿ ಪರದೆ ಮೇಲಿದೆ.

ಎಣ್ಣೆ ಹಚ್ಚಿದ ತಲೆಯಲ್ಲಿ ಕ್ಲಿಪ್ ಜಾರುತ್ತದೆ ಅಲ್ವಾ? ಜಡೆ ಶುರುವಾಗುವಲ್ಲಿ, ಹೆಣಿಗೆಯ ಎಳೆ ಹಿಡಿದು ಸಿಕ್ಕಿಸಿ.