‘ಸ್ವಲ್ಪ ನೋಡಿಬಿಡಿ’ ಅಂದರೆ ಏನು ಮಾಡಬೇಕು? ಆಟಿಸಂ ಇರುವ ನಾನು ಆಫೀಸಿನಲ್ಲಿ ಕಲಿತದ್ದು

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ವಯಸ್ಸು 36. ನನಗೆ ಆಟಿಸಂ ಇದೆ, ಅಂದರೆ ಹುಟ್ಟಿನಿಂದಲೇ ನನ್ನ ಮಿದುಳು ಮಾತು, ಸದ್ದು, ಜನರನ್ನೆಲ್ಲ ಬೇರೆ ಥರ ಗ್ರಹಿಸುತ್ತದೆ ಅಂತ ಗೊತ್ತಾಗಿದ್ದು 33ನೇ ವಯಸ್ಸಿನಲ್ಲಿ. ಅಣ್ಣನ ಮಗನನ್ನು ಡಾಕ್ಟರಿಗೆ ತೋರಿಸಲು ಹೋಗಿದ್ದೆವು. ಅಲ್ಲಿ ಅತ್ತಿಗೆಗೆ ಕೇಳಿದ ಪ್ರತಿ ಪ್ರಶ್ನೆಗೂ ಅಮ್ಮ ನನ್ನ ಕಡೆ ಕೈ ತೋರಿಸಿ, ‘ಇವಳೂ ಹಾಗೇ ಮಾಡ್ತಿದ್ದಳು’ ಅನ್ನುತ್ತಿದ್ದರು. ಅಳಗುಳಿಮಣೆ ಆಡು ಅಂತ ಹುಣಸೆ ಬೀಜ ಕೊಟ್ಟರೆ ನಾನು ಆಡುತ್ತಿರಲಿಲ್ಲವಂತೆ. ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಜೋಡಿಸುತ್ತಿದ್ದೆನಂತೆ. ಒಂದು ಬೀಜ ಕಳೆದರೆ ಆ ರಾತ್ರಿ ಊಟವಿಲ್ಲ. ಎರಡು ತಿಂಗಳಾದ ಮೇಲೆ ನನ್ನ ಹೆಸರಿನಲ್ಲೂ ಒಂದು ರಿಪೋರ್ಟ್ ಬಂತು.

ಪತ್ರಿಕೆಗಳಲ್ಲಿ ಇದಕ್ಕೆ ಸ್ವಲೀನತೆ ಅಂತ ಬರೆಯುತ್ತಾರೆ. ನನಗೆ ಆ ಪದ ಹಿಡಿಸುವುದಿಲ್ಲ. ನಾನು ನನ್ನೊಳಗೇ ಲೀನವಾಗಿದ್ದಿದ್ದರೆ ಎಷ್ಟು ಆರಾಮಾಗಿರುತ್ತಿತ್ತು! ಹೊರಗಿನ ಸದ್ದು, ಬೆಳಕು, ವಾಸನೆ ಎಲ್ಲ ಜಾಸ್ತಿಯಾಗಿ ಒಳಗೆ ನುಗ್ಗುವುದೇ ನನ್ನ ಕಷ್ಟ.

ಆಟಿಸಂ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಮಾತೇ ಆಡದವರಿದ್ದಾರೆ, ನನ್ನ ಹಾಗೆ ಬೇಡದ ಕಡೆ ಜಾಸ್ತಿ ಮಾತಾಡುವವರೂ ಇದ್ದಾರೆ. ನನಗೆ ಕೆಲಸಕ್ಕೆ ಬಂದದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮೊದಲು ಎರಡು ವಾರ ಬರೆದಿಡಿ

ಸಂಜೆ ಮನೆಗೆ ಬಂದು ಚಪ್ಪಲಿಯನ್ನೂ ಬಿಚ್ಚದೆ ಕತ್ತಲೆಯಲ್ಲಿ ಕೂತುಬಿಡುತ್ತಿದ್ದೆ. ಕೆಲಸ ಜಾಸ್ತಿ ಅಂದುಕೊಂಡಿದ್ದೆ. ಆಮೇಲೆ ಒಂದು ನೂರು ಪುಟದ ನೋಟ್‌ಬುಕ್ ತಂದು, ಸುಸ್ತಾದಾಗಲೆಲ್ಲ ಗಂಟೆ ಎಷ್ಟು, ಎಲ್ಲಿದ್ದೆ, ಏನು ನಡೆಯುತ್ತಿತ್ತು ಅಂತ ಬರೆಯತೊಡಗಿದೆ. ‘ಟೆನ್ಷನ್ ಆಯಿತು’ ಅಂತ ಬರೆಯಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ‘11.20, ಗೋಡೆಯಾಚೆ ಕಂಪ್ರೆಸರ್ ಗಾಳಿ ಬಿಟ್ಟಿತು’ ಅಂತ ಬರೆಯಿರಿ.

ಎರಡು ವಾರದ ಪುಟ ತಿರುವಿದಾಗ ನನಗೇ ಆಶ್ಚರ್ಯ. ಲೆಕ್ಕ ಮಾಡುತ್ತಾ ಸುಸ್ತಾದದ್ದು ಒಂದು ಸಲವೂ ಇರಲಿಲ್ಲ. ಇದ್ದದ್ದು ಮೂರೇ: ಆ ಕಂಪ್ರೆಸರ್, ಊಟದ ಕೋಣೆ, ಮತ್ತೆ ಕೆಲಸದ ಮಧ್ಯೆ ಯಾರಾದರೂ ‘ಒಂದ್ನಿಮಿಷ ಬನ್ನಿ ಮೇಡಂ’ ಅಂತ ಕರೆಯುವುದು. ಕೆಲಸ ಬಿಡಬೇಕು ಅಂತ ಆರು ತಿಂಗಳಿಂದ ಯೋಚಿಸುತ್ತಿದ್ದವಳು ನಾನು. ಬಿಡಬೇಕಾಗಿದ್ದದ್ದು ಆ ಗೋಡೆ ಪಕ್ಕದ ಕುರ್ಚಿಯನ್ನು ಮಾತ್ರ.

ಮಾತನ್ನು ಅಕ್ಷರಕ್ಕೆ ಇಳಿಸಿಕೊಳ್ಳಿ

ಇದು ಎಲ್ಲಕ್ಕಿಂತ ಮುಖ್ಯ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜಿಎಸ್‌ಟಿ ಕೆಲಸ ಮಾಡುವವರಿಗೆ ಗೊತ್ತು. ಪ್ರತಿ ತಿಂಗಳು 14ಕ್ಕೆ 2ಬಿ ಪಟ್ಟಿ ಬರುತ್ತದೆ. ನಾವು ಯಾರಿಂದ ಸರಕು ಕೊಂಡೆವೋ ಅವರು ತಮ್ಮ ಬಿಲ್ಲುಗಳನ್ನು ಸರ್ಕಾರಕ್ಕೆ ತೋರಿಸಿದ್ದಾರಾ ಅಂತ ಅದರಲ್ಲಿ ಕಾಣುತ್ತದೆ. ಅದನ್ನು ನಮ್ಮ ಪುಸ್ತಕದ ಜೊತೆ ತಾಳೆ ಹಾಕಿ 20ರೊಳಗೆ 3ಬಿ ಅನ್ನುವ ತಿಂಗಳ ತೆರಿಗೆ ರಿಟರ್ನ್ ತುಂಬಬೇಕು. ತಾಳೆ ಹಾಕುವುದು ಅಂದರೆ ನನಗೆ ಹಬ್ಬ. ಹುಣಸೆ ಬೀಜದ ಕೆಲಸವೇ ಅಲ್ವಾ?

ಸೇರಿದ ಹೊಸತರಲ್ಲಿ ಮ್ಯಾನೇಜರ್ ನನ್ನ ಮೇಜಿನ ಪಕ್ಕದಲ್ಲಿ ಹಾದುಹೋಗುತ್ತಾ, ‘ಆ 2ಬಿ ಸ್ವಲ್ಪ ನೋಡಿಬಿಡಿ’ ಅಂದರು. ನಾನು ನೋಡಿದೆ. ತೆರೆದೆ, ಮೇಲಿಂದ ಕೆಳಗೆ ನೋಡಿದೆ, ಮುಚ್ಚಿದೆ. 19ರ ಸಂಜೆ ಅವರು ಬಂದು, ‘ಯಾರ್ಯಾರ ಬಿಲ್ ಬಂದಿಲ್ಲ, ಲಿಸ್ಟ್ ಎಲ್ಲಿ?’ ಅಂದರು. ಲಿಸ್ಟ್ ಮಾಡಿ ಅಂತ ಯಾರೂ ಹೇಳಿರಲಿಲ್ಲವಲ್ಲ! ಹಾಗಂತ ಅವರಿಗೂ ಹೇಳಿದೆ. ಎದುರುತ್ತರ ಅಂತ ಅವರಿಗೆ ಅನ್ನಿಸಿತು. ನಾನು ಕೊಟ್ಟದ್ದು ಬರೀ ಉತ್ತರ. ಆ ರಾತ್ರಿ ಹತ್ತೂವರೆಯವರೆಗೆ ಕೂತು ಮುಗಿಸಿದೆ. ಗೋರಗುಂಟೆಪಾಳ್ಯದಲ್ಲಿ ಮೆಟ್ರೋ ಬಾಗಿಲು ತೆರೆದಾಗ ಅಳುತ್ತಿದ್ದೆ.

‘ಸ್ವಲ್ಪ ನೋಡಿಬಿಡಿ’ ಅಂದರೆ ‘ಪೂರ್ತಿ ಮಾಡಿ ಮುಗಿಸಿ’ ಅಂತ. ‘ಆಮೇಲೆ ನೋಡೋಣ’ ಅಂದರೆ ‘ಆಗುವುದಿಲ್ಲ’ ಅಂತ. ‘ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ’ ಅಂದರೆ ಅವರ ಮನಸ್ಸಿನಲ್ಲಿ ಆಗಲೇ ಒಂದು ದಾರಿ ಇದೆ ಅಂತ. ಇವನ್ನೆಲ್ಲ ನೋಟ್‌ಬುಕ್‌ನ ಹಿಂದಿನ ಪುಟಗಳಲ್ಲಿ ಅರ್ಥದ ಸಮೇತ ಬರೆದಿಟ್ಟಿದ್ದೇನೆ. ಈಗ ನಲವತ್ತಕ್ಕೂ ಮೇಲಿವೆ.

ಅರ್ಥ ಗೊತ್ತಿದ್ದರೂ ಊಹೆ ಮಾಡಬೇಡಿ. ಯಾರಾದರೂ ಬಾಯಲ್ಲಿ ಕೆಲಸ ಹೇಳಿದ ಐದು ನಿಮಿಷದೊಳಗೆ ಅವರಿಗೆ ವಾಟ್ಸಾಪ್ ಕಳಿಸಿ. ಏನು ಮಾಡಬೇಕು, ಯಾವಾಗ ಕೊಡಬೇಕು, ಯಾವ ರೂಪದಲ್ಲಿ ಕೊಡಬೇಕು ಅನ್ನುವ ಮೂರೂ ಅದರಲ್ಲಿರಲಿ. ನಾನು ಕಳಿಸುವುದು ಹೀಗೆ: ‘ಸರ್, 2ಬಿ ತಾಳೆ ಹಾಕಿ, ಬಿಲ್ ತೋರಿಸದ ಸಪ್ಲೈಯರ್‌ಗಳ ಪಟ್ಟಿಯನ್ನು 16ನೇ ತಾರೀಖು ಮಧ್ಯಾಹ್ನ 3ಕ್ಕೆ ಎಕ್ಸೆಲ್‌ನಲ್ಲಿ ಕೊಡುತ್ತೇನೆ. ಸರಿ ತಾನೆ?’ ಕೊನೆಯ ಪ್ರಶ್ನೆ ಬಿಡಬೇಡಿ. ಅದಿಲ್ಲದಿದ್ದರೆ ಉತ್ತರ ಬರುವುದಿಲ್ಲ. ಮೊದಲ ತಿಂಗಳು ಅವರಿಗೆ ಕಿರಿಕಿರಿ ಆಗಿರಬಹುದು. ಮೂರನೇ ತಿಂಗಳಿಂದ ಪಕ್ಕದ ಮೇಜಿನವರಿಗೂ ‘ಮೇಡಂ ಥರ ಬರೆದು ಕಳಿಸ್ರಪ್ಪ’ ಅನ್ನತೊಡಗಿದರು.

ಇಷ್ಟು ವರ್ಷ ಅರ್ಥವಾಗದ್ದೆಲ್ಲ ನನ್ನದೇ ತಪ್ಪು ಅಂದುಕೊಂಡಿದ್ದೆ. ಡೇಮಿಯನ್ ಮಿಲ್ಟನ್ ಅನ್ನುವ ಬ್ರಿಟಿಷ್ ಸಂಶೋಧಕರು, ಅವರಿಗೂ ಆಟಿಸಂ ಇದೆ, 2012ರಲ್ಲಿ ಒಂದು ವಾದ ಮುಂದಿಟ್ಟರು. ಆಟಿಸಂ ಇಲ್ಲದವರು ನಮಗೆ ಅರ್ಥವಾಗದಷ್ಟೇ ಅವರಿಗೆ ನಾವೂ ಅರ್ಥವಾಗುವುದಿಲ್ಲ, ತೊಡಕು ಎರಡೂ ಕಡೆಯದು ಅಂತ. ಅದನ್ನು ಓದಿದ ದಿನ ಎರಡು ಕಾಫಿ ಕುಡಿದೆ.

ಕೇಳುವಾಗ ಹೆಸರು ಬೇಡ, ವಸ್ತು ಕೇಳಿ

‘ನನಗೆ ಆಟಿಸಂ ಇದೆ, ಸಹಾಯ ಮಾಡಿ’ ಅಂದರೆ ಎದುರಿನವರಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಮರುಕ ಬರುತ್ತದೆ, ಕುರ್ಚಿ ಬದಲಾಗುವುದಿಲ್ಲ. ನಾನು ಕೇಳಿದ್ದು ಹೀಗೆ: ‘ಕಂಪ್ರೆಸರ್ ಸದ್ದಿಗೆ ಎಂಟ್ರಿ ತಪ್ಪುತ್ತಿದೆ. ಸ್ಟೋರ್ಸ್ ಪಕ್ಕದ ಖಾಲಿ ಮೇಜಿಗೆ ಹೋದರೆ ತಪ್ಪು ಕಡಿಮೆಯಾಗುತ್ತದೆ. ಒಂದು ತಿಂಗಳು ನೋಡೋಣವಾ?’ ಏನು ತೊಂದರೆ, ಏನು ಬೇಕು, ಕೆಲಸಕ್ಕೆ ಏನು ಲಾಭ, ಎಷ್ಟು ದಿನ, ಅಷ್ಟೇ. ಆ ಒಂದು ತಿಂಗಳು ಈಗ ಎರಡು ವರ್ಷವಾಗಿದೆ.

ದುಡ್ಡು ಖರ್ಚಾಗದ್ದನ್ನು ಮೊದಲು ಕೇಳಿ. ದುಬಾರಿ ಹೆಡ್‌ಫೋನ್ ಬೇಕು ಅಂದುಕೊಂಡಿದ್ದ ನನಗೆ ಸ್ಟೋರ್ಸ್ ಹುಡುಗ, ‘ಅಕ್ಕ, ಇದು ಆಗುತ್ತಾ ನೋಡಿ’ ಅಂತ ಮಷಿನ್ ಮೇಲೆ ಕೆಲಸ ಮಾಡುವವರಿಗೆ ಕೊಡುವ ಕಿತ್ತಳೆ ಬಣ್ಣದ ಇಯರ್ ಪ್ಲಗ್ ತಂದುಕೊಟ್ಟ. ಇವತ್ತಿಗೂ ಅದೇ. ಮೆಟ್ರೋದಲ್ಲೂ ಅದೇ.

ಊಟ, ಮಾತು, ಹಬ್ಬ

‘ಊಟ ಆಯ್ತಾ?’ ಅನ್ನುವುದು ಪ್ರಶ್ನೆಯಲ್ಲ, ನಮಸ್ಕಾರ. ನಾನು ಏನು ತಿಂದೆ, ಹುಳಿಗೆ ಉಪ್ಪು ಎಷ್ಟಿತ್ತು ಅಂತ ವರ್ಷಗಟ್ಟಲೆ ವರದಿ ಕೊಟ್ಟಿದ್ದೇನೆ. ‘ಆಯ್ತು, ನಿಮ್ಮದು?’ ಸಾಕು.

ಊಟದ ಕೋಣೆಯಲ್ಲಿ ಹದಿನೈದು ಡಬ್ಬಿ ಒಟ್ಟಿಗೆ ತೆರೆದರೆ ನನಗೆ ಹೊಟ್ಟೆ ತೊಳಸುತ್ತದೆ. ಒಬ್ಬಳೇ ಮೇಜಿನಲ್ಲಿ ತಿಂದರೆ ‘ಜಂಬ’ ಅನ್ನುತ್ತಾರೆ. ಹಾಗಾಗಿ ಮುಕ್ಕಾಲು ಗಂಟೆ ಮೊದಲೇ ತಿಂದು, ಎಲ್ಲರೂ ಚಹಾ ಕುಡಿಯುವ ನಾಲ್ಕು ಗಂಟೆಗೆ ಹತ್ತು ನಿಮಿಷ ಅವರ ಜೊತೆ ನಿಲ್ಲುತ್ತೇನೆ. ಹತ್ತು ನಿಮಿಷ ನನಗೆ ಆಗುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಪ್ರಯತ್ನ ಬಿಟ್ಟಿದ್ದೇನೆ. ಲೋಟ ನೋಡುತ್ತಾ ಮಾತಾಡುತ್ತೇನೆ. ‘ನೋಡಿದರೆ ಕೇಳಿಸುವುದಿಲ್ಲ ನನಗೆ’ ಅಂತ ಒಮ್ಮೆ ಹೇಳಿದೆ, ನಕ್ಕರು, ಅಲ್ಲಿಗೆ ಮುಗಿಯಿತು.

ಪೀಣ್ಯದಲ್ಲಿ ಆಯುಧಪೂಜೆ ಅಂದರೆ ನಿಮಗೆ ಗೊತ್ತಲ್ಲ. ಪ್ರತಿ ಮಷಿನ್‌ಗೂ ಬಾಳೆಕಂಬ, ಬೂದುಗುಂಬಳ, ಕರ್ಪೂರದ ಹೊಗೆ, ತಮಟೆ. ಮೊದಲ ವರ್ಷ ಟಾಯ್ಲೆಟ್‌ನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆ. ಈಗ ಸಾಮಾನಿನ ಪಟ್ಟಿ, ಖರೀದಿ, ಲೆಕ್ಕ ಎಲ್ಲ ನನ್ನದು. 14 ಮಷಿನ್, 14 ಕುಂಬಳಕಾಯಿ, ಗೇಟಿಗೊಂದು. ಬೆಳಗ್ಗೆ ಏಳಕ್ಕೆ ಬಂದು ಎಲ್ಲ ಜೋಡಿಸಿ, ಲೆಕ್ಕದ ಪುಸ್ತಕಕ್ಕೆ ನಾನೇ ಕುಂಕುಮ ಇಟ್ಟು, ತಮಟೆಯವರು ಬರುವ ಮುಂಚೆ ಹೊರಟುಬಿಡುತ್ತೇನೆ. ಗುಂಪಿನಲ್ಲಿ ಸುಮ್ನೆ ನಿಲ್ಲುವುದು ಕಷ್ಟವಾದರೆ ಒಂದು ಕೆಲಸ ಕೇಳಿ ಪಡೆಯಿರಿ. ಕೆಲಸ ಇದ್ದವರು ಬೇಗ ಹೋದರೆ ಯಾರೂ ತಪ್ಪು ತಿಳಿಯುವುದಿಲ್ಲ.

ತಲೆ ತುಂಬಿಬಿಟ್ಟು ಮಾತು ನಿಂತುಹೋಗುವ ದಿನವೂ ಬರುತ್ತದೆ. ಅಂಥ ಹೊತ್ತಿನಲ್ಲಿ ಯೋಚಿಸಲು ಆಗುವುದಿಲ್ಲ, ಮೊದಲೇ ಜಾಗ ಗುರುತಿಸಿಟ್ಟುಕೊಳ್ಳಿ. ನನ್ನದು ಮಹಡಿಯ ಮೆಟ್ಟಿಲು. ‘15 ನಿಮಿಷದಲ್ಲಿ ಬರುತ್ತೇನೆ’ ಅನ್ನುವ ಮೆಸೇಜ್ ಫೋನ್‌ನಲ್ಲಿ ಮೊದಲೇ ಬರೆದಿಟ್ಟಿದ್ದೇನೆ.

ಕಾಗದ, ಕಾನೂನು

1995ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, ಆಟಿಸಂ ಇರಲಿಲ್ಲ. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 2016ರ ಕಾಯ್ದೆಯಲ್ಲಿ 21 ಇವೆ, ನಾವೂ ಇದ್ದೇವೆ. ಸರ್ಕಾರಿ ಕೆಲಸದ 4% ಮೀಸಲಾತಿಯಲ್ಲಿ 1% ನಮಗೆ, ಆದರೆ ಬೌದ್ಧಿಕ ಅಂಗವೈಕಲ್ಯ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ, ಬಹು ಅಂಗವೈಕಲ್ಯ ಇರುವವರೊಂದಿಗೆ ಹಂಚಿಕೊಂಡು. ಅದಕ್ಕೆ ಕನಿಷ್ಠ 40% ಅಂಗವೈಕಲ್ಯ ಇದೆ ಅನ್ನುವ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟ್‌ಗಾಗಿ ನಮ್ಮ ದೇಶದಲ್ಲಿ ಬಳಸುವ ಐಸಾ ಅನ್ನುವ ಅಳತೆಪಟ್ಟಿಯಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5 ಅಂಕ. ವರ್ಷಗಟ್ಟಲೆ ಎಲ್ಲರ ಹಾಗೆ ನಟಿಸಿ ಬದುಕಿದವರು ಅಲ್ಲೂ ನಟಿಸಿಬಿಡುವ ಅಪಾಯವಿದೆ. ಹಾಗಾಗಿ ಬಾಲ್ಯ ಕಂಡವರನ್ನು ಜೊತೆಗೆ ಕರೆದುಕೊಂಡು ಹೋಗಿ. ನನಗೆ ಅಮ್ಮನ ಹುಣಸೆ ಬೀಜ ಕೆಲಸಕ್ಕೆ ಬಂದ ಹಾಗೆ.

ನಾನಿನ್ನೂ ಸರ್ಟಿಫಿಕೇಟ್ ಮಾಡಿಸಿಲ್ಲ. ಆದರೂ ಧೈರ್ಯ ಕೊಡುವ ಒಂದು ತೀರ್ಪಿದೆ. ಬರೆಯುವಾಗ ಕೈ ಸೆಡೆಯುವ ಅಭ್ಯರ್ಥಿಯೊಬ್ಬರು ಯುಪಿಎಸ್‌ಸಿ ಪರೀಕ್ಷೆಯಲ್ಲಿ ತಮ್ಮ ಪರವಾಗಿ ಬರೆಯುವವರ ನೆರವು ಕೇಳಿದ ಮೊಕದ್ದಮೆಯಲ್ಲಿ, ಅಂಥ ಅನುಕೂಲಕ್ಕೆ 40% ಇರಲೇಬೇಕೆಂದಿಲ್ಲ ಅಂತ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಖಾಸಗಿ ಕಂಪನಿಗಳ ಮೇಲೆ ಹಿಡಿತ ಕಡಿಮೆ. ಆದರೆ ಅವರೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಸೇರುವಾಗ ಅದನ್ನು ಕೇಳಿ ನೋಡಿ. ನಾನು ಕೇಳಿದಾಗ ಕ್ಯಾಂಟೀನ್ ಕೂಪನ್ ಕೊಟ್ಟರು.

ಕೆಲಸ ಹುಡುಕುವವರು ಬೆಂಗಳೂರಿನ ಎನೇಬಲ್ ಇಂಡಿಯಾ ಸಂಸ್ಥೆಯನ್ನು ವಿಚಾರಿಸಬಹುದು. 1999ರಿಂದ ಅಂಗವೈಕಲ್ಯ ಇರುವವರಿಗೆ ಕೆಲಸ ಹುಡುಕಲು ನೆರವಾಗುವುದೇ ಅವರ ಕೆಲಸ. ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ ಆಟಿಸಂ ಇರುವವರನ್ನು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ಮೊದಲು ತೆಗೆದುಕೊಂಡು ನೋಡಿದ್ದು ಬೆಂಗಳೂರಿನಲ್ಲೇ, ಆಮೇಲೆ 2013ರಲ್ಲಿ ಬೇರೆ ದೇಶಗಳಿಗೂ ಹಬ್ಬಿಸಿತು. ಹಾಗಂತ ನಾವೆಲ್ಲ ಕಂಪ್ಯೂಟರ್ ಪಂಡಿತರು ಅಂದುಕೊಳ್ಳಬೇಡಿ. ನಮ್ಮ ಪ್ರಿಂಟರ್ ಇವತ್ತಿಗೂ ನನ್ನ ಮಾತು ಕೇಳುವುದಿಲ್ಲ.

ಮ್ಯಾನೇಜರ್ ಬದಲಾದರೆ

ಎಲ್ಲ ಮೊದಲಿಂದ ಶುರು. ಅದಕ್ಕೆ ಒಂದು ಹಾಳೆ ತಯಾರಿಟ್ಟುಕೊಳ್ಳಿ. ನನ್ನದರಲ್ಲಿ ನಾಲ್ಕೇ ಸಾಲು: ಕೆಲಸ ಬರೆದು ಹೇಳಿ. ಕರೆಯುವ ಮೊದಲು ಮೆಸೇಜ್ ಮಾಡಿ. ಮೇಜು ಬದಲಿಸುವುದಿದ್ದರೆ ಒಂದು ವಾರ ಮುಂಚೆ ತಿಳಿಸಿ. ಮುಖ ನೋಡದಿದ್ದರೂ ಕೇಳಿಸಿಕೊಳ್ಳುತ್ತಿರುತ್ತೇನೆ.

ಜೂನ್‌ನಲ್ಲಿ ಹೊಸಬರು ಬಂದಾಗ ಮೊದಲ ದಿನವೇ ಕೊಟ್ಟೆ. ನಿಧಾನವಾಗಿ ಓದಿದರು. ‘ಇಷ್ಟೇನಾ?’ ಅಂದರು. ಇಷ್ಟೇ ಅಂದೆ. ಮಡಚಿ ಜೇಬಿನಲ್ಲಿಟ್ಟುಕೊಂಡು ಎರಡು ಹೆಜ್ಜೆ ಹೋದವರು ತಿರುಗಿ, ‘ಹಾಂ ಮೇಡಂ, ಆ 2ಬಿ ಸ್ವಲ್ಪ ನೋಡಿಬಿಡಿ’ ಅಂದರು.

ನಾನು ಫೋನ್ ತೆಗೆದು ಟೈಪ್ ಮಾಡತೊಡಗಿದೆ.